ಅಣಬೆ ಚೀಲ ಹಸಿರಾದರೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

“ಅಕ್ಕಾ, ಇಪ್ಪತ್ತು ಚೀಲ ಕಟ್ಟಿದ್ದೆ. ಹನ್ನೊಂದು ಹಸಿರಾಗಿ ಹೋಗಿವೆ. ಏನು ಔಷಧಿ ಹೊಡೀಲಿ ಹೇಳಿ.”

ಹೋದ ಫೆಬ್ರವರಿ ಕೊನೆಯಲ್ಲಿ ಪಕ್ಕದೂರಿನ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಅಳು ಗಂಟಲಲ್ಲೇ ಇತ್ತು. ಔಷಧಿಯ ಮಾತು ಆಮೇಲೆ, ಮೊದಲು ಒಂದು ಹೇಳು ಅಂದೆ: “ಹಸಿರಾಗದ ಒಂಬತ್ತು ಚೀಲ ಎಲ್ಲಿದ್ದವು?”

ಅವಳು ಸುಮ್ಮನಾದಳು. ಕೆಟ್ಟ ಚೀಲಗಳನ್ನು ಗಂಟೆಗಟ್ಟಲೆ ನೋಡಿದ್ದಳು, ಚೆನ್ನಾಗಿರುವುದರ ಕಡೆ ಕಣ್ಣು ಹಾಯಿಸಿರಲಿಲ್ಲ. ನಾನೂ ಮೊದಮೊದಲು ಹಾಗೇ ಮಾಡುತ್ತಿದ್ದೆ. ಮಲೆನಾಡಿನಲ್ಲಿ ಅಡಿಕೆ, ಮೆಣಸಿನ ಜೊತೆಗೆ ಚಿಪ್ಪಣಬೆ, ಅಂದರೆ ಆಯ್ಸ್ಟರ್ ಅಣಬೆ ಬೆಳೆಯಲು ಹೊರಟು ಕಳೆದುಕೊಂಡ ಚೀಲಗಳಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇಯಿಸಿ ಆರಿಸಿದ ಹುಲ್ಲಿಗೆ ಅಣಬೆಯ ಬೀಜ ಸೇರಿಸಿ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕಟ್ಟುವುದಕ್ಕೇ ಚೀಲ ಕಟ್ಟುವುದು ಎನ್ನುತ್ತೇವೆ. ಚೀಲದಲ್ಲಿ ಕಾಣುವ ಬೂಷ್ಟೇ ದೋಷವಲ್ಲ. ದೋಷ ಅದಕ್ಕಿಂತ ಹಿಂದೆ, ಹುಲ್ಲು ಬೇಯಿಸುವಾಗಲೋ ಆರಿಸುವಾಗಲೋ ಜೋಡಿಸುವಾಗಲೋ ಆಗಿಹೋಗಿರುತ್ತದೆ. ಬೂಷ್ಟು ಯಾವ ದಿನ ಬಂತು, ಚೀಲದ ಯಾವ ಭಾಗದಲ್ಲಿ ಬಂತು, ಯಾವ ಬಣ್ಣ, ಯಾವ ವಾಸನೆ ಎಂದು ನೋಡಿದರೆ ಆ ತಪ್ಪಿನ ಜಾಡು ಸಿಗುತ್ತದೆ.

ಚೀಲದೊಳಗೆ ನಡೆಯುವುದು ಏನು

ಅಣಬೆ ಗಿಡವಲ್ಲ. ಅದರಲ್ಲಿ ಪತ್ರಹರಿತ್ತು ಇಲ್ಲ, ಬಿಸಿಲಿನಿಂದ ಆಹಾರ ಮಾಡಿಕೊಳ್ಳುವುದಿಲ್ಲ. ಶಿಲೀಂಧ್ರಗಳ ಕೋಶದ ಗೋಡೆ ಕೈಟಿನ್‌ ಎಂಬ ವಸ್ತುವಿನದು. ಏಡಿಯ ಚಿಪ್ಪಿನಲ್ಲೂ ಜಿರಲೆಯ ಮೈಮೇಲೂ ಇರುವುದು ಅದೇ. ವಂಶದ ಲೆಕ್ಕದಲ್ಲಿ ಶಿಲೀಂಧ್ರ ಗಿಡಮರಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ನಾವು ಉಂಡು ಹೊಟ್ಟೆಯೊಳಗೆ ಅರಗಿಸುತ್ತೇವೆ, ಅದು ಹೊರಗೇ ಅರಗಿಸಿ ಆಮೇಲೆ ಉಣ್ಣುತ್ತದೆ. ಕೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗಿನ ಎಳೆಗಳನ್ನು ಹುಲ್ಲಿನೊಳಗೆ ಚಾಚಿ, ತುದಿಯಿಂದ ಕಿಣ್ವ ಸುರಿಸಿ, ಕರಗಿದ್ದನ್ನು ಹೀರಿಕೊಳ್ಳುತ್ತದೆ. ಚೀಲದಲ್ಲಿ ಹತ್ತಿಯ ಹಾಗೆ ಕಾಣುವ ಬಿಳಿ ಆ ಎಳೆಗಳ ಬಲೆ. ಶಿಲೀಂಧ್ರದ ನಿಜವಾದ ದೇಹ ಅದೇ. ನಾವು ಕೊಯ್ಯುವ ಅಣಬೆ ಅದರ ಹಣ್ಣಿದ್ದ ಹಾಗೆ, ಬೀಜಾಣು ಉದುರಿಸಲು ಹೊರಗೆ ಬರುವ ಭಾಗ.

ಬೂಷ್ಟೂ ಎಳೆಗಳದ್ದೇ, ಕೊಡೆ ಕಟ್ಟುವುದಿಲ್ಲ ಅಷ್ಟೆ. ಎಳೆಗಳ ತುದಿಯಲ್ಲಿ ನೇರವಾಗಿ ಬಣ್ಣದ ಪುಡಿಯಂಥ ಬೀಜಾಣು ಬಿಡುತ್ತದೆ. ನಮಗೆ ಕಾಣುವ ಹಸಿರು, ಕಪ್ಪು, ಕಿತ್ತಳೆ ಎಲ್ಲ ಬೀಜಾಣುವಿನ ಬಣ್ಣ. ಹಾಗಾಗಿ ಬಣ್ಣ ಕಂಡ ದಿನ ಬೂಷ್ಟು ಬಂದ ದಿನವಲ್ಲ; ಅದು ಎರಡು ಮೂರು ದಿನ ಮೊದಲೇ ಬಿಳಿಯಾಗಿ ಬೆಳೆದಿರುತ್ತದೆ. ಯೀಸ್ಟ್ ಇದೇ ಕುಲದ್ದು, ಆದರೆ ಎಳೆ ಚಾಚದೆ ಒಂಟಿ ಕೋಶವಾಗಿಯೇ ಉಳಿದು, ಮೈಯಿಂದ ಮೊಗ್ಗು ಒಡೆದು ಹೆಚ್ಚುತ್ತದೆ. ಸಕ್ಕರೆ ಮತ್ತು ನೀರು ಇದ್ದಲ್ಲಿ ಅದಕ್ಕೆ ಸುಗ್ಗಿ. ದೋಸೆ ಹಿಟ್ಟು ಉಬ್ಬುವುದು ಯೀಸ್ಟಿನಿಂದ ಎಂದು ಎಲ್ಲರೂ ಹೇಳುತ್ತಾರೆ. ಅಲ್ಲಿ ಹೆಚ್ಚಿನ ಕೆಲಸ ಬ್ಯಾಕ್ಟೀರಿಯಾದ್ದು, ಯೀಸ್ಟ್ ಜೊತೆಗಾರ.

ಚೀಲದಲ್ಲಿ ಈ ಎಲ್ಲರ ನಡುವೆ ಓಟದ ಪಂದ್ಯ. ಪ್ರಯೋಗಾಲಯದ ಒಂಬತ್ತು ಸೆಂಟಿಮೀಟರ್ ತಟ್ಟೆ ತುಂಬಲು ಚಿಪ್ಪಣಬೆಗೆ ಸುಮಾರು ಒಂದು ವಾರ ಬೇಕು, ಹಸಿರು ಬೂಷ್ಟಿಗೆ ಮೂರು ನಾಲ್ಕು ದಿನ ಸಾಕು. ಸಮ ಗೆರೆಯಿಂದ ಓಡಿಸಿದರೆ ನಮ್ಮ ಅಣಬೆ ಸೋಲುತ್ತದೆ. ಹುಲ್ಲು ಬೇಯಿಸುವುದು, ಬೀಜವನ್ನು ಧಾರಾಳವಾಗಿ ಹಾಕುವುದು, ಕೈ ತೊಳೆಯುವುದು, ಎಲ್ಲವೂ ನಮ್ಮವನಿಗೆ ನಾಲ್ಕು ದಿನ ಮುಂಚೆ ಓಟ ಬಿಡಿಸುವ ಉಪಾಯ. ಚೀಲ ಕೆಟ್ಟಿತು ಅಂದರೆ ಆ ನಾಲ್ಕು ದಿನ ಎಲ್ಲೋ ಕಳೆದುಹೋಗಿದೆ.

ಮೊದಲು ಕೇಳಿಕೊಳ್ಳಿ: ನಿಜವಾಗಿ ಕೆಟ್ಟಿದೆಯೇ

ಹೆದರಿ ಒಳ್ಳೆಯ ಚೀಲ ಎಸೆದವರನ್ನು ಕಂಡಿದ್ದೇನೆ. ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಹಳದಿ ನೀರಿನ ಹನಿ ನಿಂತಿದ್ದರೆ, ಸುತ್ತಲಿನ ಬಿಳಿ ದಟ್ಟವಾಗಿದ್ದರೆ, ಅದು ಅಣಬೆಯ ಎಳೆಗಳೇ ಬಿಟ್ಟ ದ್ರವ. ಅಣಬೆಯ ತೊಟ್ಟಿನ ಬುಡದಲ್ಲಿ ಬಿಳಿ ನವಿರು ಬಂದರೆ ಅದು ಗಾಳಿ ಕಡಿಮೆಯಾಗಿ ಅಣಬೆ ತನ್ನ ಮೇಲೆ ತಾನೇ ಬೆಳೆದದ್ದು.

ಬಿಳಿಯಲ್ಲೇ ಅನುಮಾನ ಬಂದರೆ ಹೀಗೆ ನೋಡಿ. ಅಣಬೆಯ ಬಿಳಿ ಹಗ್ಗದ ಎಳೆಯಂತೆ ಕವಲೊಡೆದು, ಹುಲ್ಲನ್ನು ಹುಲ್ಲಿಗೆ ಹೊಲಿದಂತೆ ಹಿಡಿದಿರುತ್ತದೆ. ಎಳೆದರೆ ಹುಲ್ಲೂ ಜೊತೆಗೆ ಬರುತ್ತದೆ, ಹಸಿ ಅಣಬೆಯ ಹಿತವಾದ ವಾಸನೆ ಇರುತ್ತದೆ. ಬೂಷ್ಟಿನ ಬಿಳಿ ಹಿಟ್ಟು ಚೆಲ್ಲಿದ ಹಾಗೆ ಮೇಲೆ ಮೇಲೆ ಕೂತಿರುತ್ತದೆ. ನೀಲಿ ಅಥವಾ ಹಸಿರು ಛಾಯೆ ಕಂಡಲ್ಲಿ ಒದ್ದೆ ಹತ್ತಿಯಿಂದ ಮೆಲ್ಲಗೆ ಒತ್ತಿ ತೆಗೆಯಿರಿ. ಹತ್ತಿಗೆ ಪುಡಿ ಹತ್ತಿದರೆ ಬೀಜಾಣು, ಬೂಷ್ಟು ಖಚಿತ. ಶಾಲೆಯ ಸೂಕ್ಷ್ಮದರ್ಶಕ ಸಿಕ್ಕಿದರೆ ಒಂದು ಎಳೆಯನ್ನು ನೀರಿನ ಹನಿಯಲ್ಲಿಟ್ಟು 400 ಪಟ್ಟು ಹಿಗ್ಗಿಸಿ ನೋಡಿ. ಚಿಪ್ಪಣಬೆಯ ಎಳೆಯಲ್ಲಿ ಗಿಣ್ಣು ಗಿಣ್ಣಿಗೆ, ಅಡ್ಡಗೋಡೆ ಇರುವಲ್ಲಿ, ಪಕ್ಕಕ್ಕೆ ಸಣ್ಣ ಹಿಡಿಕೆಯಂಥ ಉಬ್ಬು ಕಾಣುತ್ತದೆ. ಹಸಿರು ಬೂಷ್ಟಿನ ಎಳೆಗೆ ಆ ಹಿಡಿಕೆ ಇಲ್ಲ. ನಮ್ಮೂರ ಹೈಸ್ಕೂಲಿನಲ್ಲಿ ಇದನ್ನು ಮೊದಲ ಸಲ ನೋಡಿದಾಗ ನನಗೆ ಆದ ಸಂತೋಷ ಇನ್ನೂ ನೆನಪಿದೆ.

ಯಾವ ದಿನ, ಯಾವ ಜಾಗ

ಮೊದಲ ಮೂರು ನಾಲ್ಕು ದಿನದಲ್ಲೇ, ಅದೂ ಬೀಜದ ಕಾಳಿನ ಮೇಲೆಯೇ ಬಣ್ಣ ಬಂದರೆ ತಪ್ಪು ಬೀಜದ್ದು. ಅಣಬೆ ಬೀಜ ಎಂದು ನಾವು ತರುವುದು ಜೋಳ ಅಥವಾ ಗೋಧಿಯ ಬೆಂದ ಕಾಳಿನ ಮೇಲೆ ಬೆಳೆಸಿದ ಅಣಬೆಯ ಎಳೆ. ಪೊಟ್ಟಣದಲ್ಲೇ ಕಪ್ಪು ಅಥವಾ ಹಸಿರು ಚುಕ್ಕೆ ಇದ್ದರೆ, ಹುಳಿ ವಾಸನೆ ಬಂದರೆ, ಆ ಭಾಗ ಕೆತ್ತಿ ಉಳಿದದ್ದನ್ನು ಬಳಸುವ ಆಸೆ ಬೇಡ. ಹಳೆಯ ಬೀಜ ಗಟ್ಟಿ ಹೆಂಟೆಯಾಗಿ ಹಳದಿ ನೀರು ಬಿಟ್ಟಿರುತ್ತದೆ. ಜೀವ ಇದೆಯೋ ಇಲ್ಲವೋ ನೋಡಲು ಹತ್ತು ಕಾಳನ್ನು ಕುದಿಸಿ ಹಿಂಡಿದ ರಟ್ಟಿನ ಚೂರಿನ ಮೇಲಿಟ್ಟು, ಮುಚ್ಚಳದ ಡಬ್ಬಿಯಲ್ಲಿ ನೆರಳಲ್ಲಿಡಿ. ಎರಡು ಮೂರು ದಿನದಲ್ಲಿ ಬಿಳಿ ನವಿರು ರಟ್ಟಿಗೆ ಇಳಿಯದಿದ್ದರೆ ಬೀಜ ಸತ್ತಿದೆ. ಬಸ್ಸಿನ ಡಿಕ್ಕಿಯಲ್ಲಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬೀಜ ಸಾಯುವುದು ಬಹಳ ಸುಲಭ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಬೀಜವೂ ಸಿಗುತ್ತದೆ, ತರಬೇತಿಯೂ ಇದೆ. ಎಲ್ಲಿಂದ ತಂದರೂ ಬೆಳಗಿನ ತಂಪಲ್ಲಿ ತನ್ನಿ.

ಐದರಿಂದ ಹತ್ತನೇ ದಿನದೊಳಗೆ, ಬೀಜದಿಂದ ದೂರ, ಹುಲ್ಲಿನ ನಡುವೆ ಅಲ್ಲಲ್ಲಿ ಮಚ್ಚೆ ಬಂದರೆ ಹುಲ್ಲು ಸರಿಯಾಗಿ ಬೆಂದಿಲ್ಲ, ಇಲ್ಲವೇ ಬೆಂದ ಮೇಲೆ ಮೈಲಿಗೆಯಾಗಿದೆ. ನಾನು ಅಡಿಕೆ ಬೇಯಿಸುವ ಹಂಡೆಯನ್ನೇ ಚೊಗರು ಹೋಗುವಂತೆ ಉಜ್ಜಿ ಬಳಸುತ್ತೇನೆ. 80 ಡಿಗ್ರಿ ನೀರಿನಲ್ಲಿ ಒಂದು ಗಂಟೆ. ಮೋಸ ಇರುವುದು ಇಲ್ಲೇ: ಹಂಡೆಯ ನೀರು 80 ಇದ್ದರೂ ಗಿಡಿದು ತುಂಬಿದ ಗೋಣಿಚೀಲದ ನಡುವೆ 55 ಇರಬಹುದು. ಥರ್ಮಾಮೀಟರನ್ನು ಹುಲ್ಲಿನ ನಡುವೆ ಚುಚ್ಚಿ, ಅಲ್ಲಿ ಶಾಖ ಮುಟ್ಟಿದ ಮೇಲೆ ಗಂಟೆ ಎಣಿಸಿ.

ತಳದಲ್ಲಿ ಮಾತ್ರ ಕೆಟ್ಟರೆ ನೀರು ಹೆಚ್ಚಾಗಿದೆ. ತೂತುಗಳ ಸುತ್ತ ಮಾತ್ರ ಬಂದರೆ ಕೈ, ನೊಣ ಅಥವಾ ಕೋಣೆಯ ಧೂಳು. ಎರಡು ಮೂರು ಕೊಯ್ಲು ಆದ ಮೇಲೆ ಹಸಿರಾದರೆ ಅದು ದೋಷವೇ ಅಲ್ಲ: ಅಣಬೆ ಉಂಡು ಬಿಟ್ಟ ಎಲೆಗೆ ಬೇರೆಯವರು ಕೂತಿದ್ದಾರೆ. ಚೀಲ ಹೊರಗೆ ಹಾಕಿ.

ಹಸಿರು

ಹೆಚ್ಚಿನವರ ಕಷ್ಟ ಇದೇ, ಇದರಲ್ಲೂ ಹೆಚ್ಚಿನದು ಟ್ರೈಕೋಡರ್ಮಾ. ಮೊದಲು ಅಚ್ಚ ಬಿಳಿ, ಆಮೇಲೆ ಪಾಚಿಯಂಥ ಕಡು ಹಸಿರು. ಹುಲ್ಲು, ಹತ್ತಿಯ ನಾರಿನಲ್ಲಿರುವ ಸೆಲ್ಯುಲೋಸ್ ಎಂಬ ವಸ್ತುವನ್ನು ಕರಗಿಸುವುದರಲ್ಲಿ ಇದನ್ನು ಮೀರಿಸುವವರು ಕಡಿಮೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೇನೆಯ ಹತ್ತಿ ಬಟ್ಟೆಯ ಗುಡಾರಗಳನ್ನು ತಿಂದು ಹಾಕಿದ ಶಿಲೀಂಧ್ರ ಇದರದೇ ಜಾತಿ. ಇಂದು ಕಾರ್ಖಾನೆಗಳಲ್ಲಿ ಸೆಲ್ಯುಲೇಸ್ ಕಿಣ್ವ ತೆಗೆಯಲು ಬಳಸುವುದು ಅದರ ವಂಶವನ್ನೇ. ಇನ್ನೂ ಕೆಟ್ಟ ಸುದ್ದಿ ಎಂದರೆ ಇದು ಬೇರೆ ಶಿಲೀಂಧ್ರಗಳನ್ನೇ ತಿನ್ನುತ್ತದೆ. ಅವುಗಳ ಎಳೆಗೆ ಸುತ್ತಿಕೊಂಡು ಕೈಟಿನ್ ಗೋಡೆಯನ್ನು ಕರಗಿಸುತ್ತದೆ. 1932ರಲ್ಲಿ ವೈಂಡ್ಲಿಂಗ್ ಎಂಬ ವಿಜ್ಞಾನಿ ಇದನ್ನು ವಿವರಿಸಿದ ಮೇಲೆ ರೈತರಿಗೆ ಅದು ಬೆಳೆಯ ರೋಗಕ್ಕೆ ಔಷಧಿಯಾಯಿತು.

ನಾನು ಎಡವಿದ್ದು ಇಲ್ಲೇ. ಕೆಲವು ವರ್ಷದ ಹಿಂದೆ ಸತತ ಎರಡು ಸಲ ಕಟ್ಟಿದ ಚೀಲಗಳೆಲ್ಲ ಆರನೇ ದಿನಕ್ಕೆ ಹಸಿರಾದವು. ಬೀಜ ಬದಲಾಯಿಸಿದೆ. ಹುಲ್ಲು ಒಂದೂವರೆ ಗಂಟೆ ಬೇಯಿಸಿದೆ. ಕೋಣೆಗೆ ಸುಣ್ಣ ಬಳಿಸಿದೆ. ಆದರೂ ಮಚ್ಚೆ ಬಂದೇ ಬಂತು, ಬೀಜದಿಂದ ದೂರ, ಹುಲ್ಲಿನ ನಡುವೆ. ಕೊನೆಗೆ ಹುಲ್ಲು ಹಂಡೆಯಿಂದ ಚೀಲದವರೆಗೆ ಹೋಗುವ ದಾರಿಯಲ್ಲಿ ಏನನ್ನೆಲ್ಲ ಮುಟ್ಟುತ್ತದೆ ಎಂದು ಒಂದೊಂದೇ ಬರೆದೆ. ಸೌಟು, ಬುಟ್ಟಿ, ಟಾರ್ಪಾಲು, ನನ್ನ ಕೈ. ಟಾರ್ಪಾಲು ಎಂದು ಬರೆಯುವಾಗ ಪೆನ್ನು ನಿಂತಿತು. ಮುಂಗಾರಿನ ಹೊತ್ತಿಗೆ ಮೆಣಸಿನ ಬಳ್ಳಿಗೆ ಹಾಕಲು ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಗೆ ಟ್ರೈಕೋಡರ್ಮಾ ಪುಡಿ ಬೆರೆಸಿ ಹದಿನೈದು ದಿನ ಮುಚ್ಚಿಟ್ಟಿದ್ದು ಅದೇ ಟಾರ್ಪಾಲಿನಲ್ಲಿ. ತೊಳೆದಿದ್ದೆವು, ಬಿಸಿಲಿಗೂ ಹಾಕಿದ್ದೆವು. ಆದರೆ ಅದರ ಅಂಚಿನ ಮಡಿಕೆ ಬಿಡಿಸಿ ನೋಡಿದರೆ ಹೊಲಿಗೆಯ ಉದ್ದಕ್ಕೂ ಗೊಬ್ಬರ ಒಣಗಿ ಕೂತಿತ್ತು.

ಊಹೆಯನ್ನು ನಂಬಿ ಕೂರಲಿಲ್ಲ. ಒಂದೇ ಹಂಡೆಯ ಹುಲ್ಲನ್ನು ಎರಡು ಪಾಲು ಮಾಡಿ, ಒಂದನ್ನು ಆ ಟಾರ್ಪಾಲಿನ ಮೇಲೆ, ಇನ್ನೊಂದನ್ನು ಹೊಸ ಪ್ಲಾಸ್ಟಿಕ್ ಹಾಳೆಯ ಮೇಲೆ ಆರಿಸಿದೆ. ಮೂರು ಮೂರು ಚೀಲ. ಏಳನೇ ದಿನ ಟಾರ್ಪಾಲಿನ ಮೂರೂ ಹಸಿರು, ಹೊಸ ಹಾಳೆಯ ಮೂರೂ ಬಿಳಿ. ಅವತ್ತಿನಿಂದ ನಮ್ಮ ಮನೆಯಲ್ಲಿ ಟ್ರೈಕೋಡರ್ಮಾ ಪುಡಿ ಅಣಬೆ ಕೋಣೆಯ ಹತ್ತಿರ ಸುಳಿಯುವ ಹಾಗಿಲ್ಲ. ಬೆಳಿಗ್ಗೆ ಮೊದಲು ಅಣಬೆ ಕೆಲಸ, ಆಮೇಲೆ ತೋಟ. ತೋಟದಿಂದ ಬಂದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಒಳಗೆ ಕಾಲಿಡುವುದಿಲ್ಲ. ಶುಂಠಿ, ಮೆಣಸು, ಅಡಿಕೆ ಇರುವ ಮನೆಯವರು ಈ ಒಂದನ್ನು ದಯವಿಟ್ಟು ಮನಸ್ಸಿನಲ್ಲಿಡಿ; ತೋಟಕ್ಕೆ ಅಮೃತವಾದದ್ದು ಅಣಬೆಗೆ ವಿಷ.

ಹಸಿರಿಗೆ ಕಾರ್ಬೆಂಡಾಜಿಮ್ ಹೊಡೆಯಿರಿ ಎನ್ನುವವರಿದ್ದಾರೆ. ಹುಲ್ಲನ್ನು ಫಾರ್ಮಲಿನ್ ಮತ್ತು ಕಾರ್ಬೆಂಡಾಜಿಮ್ ನೀರಿನಲ್ಲಿ ರಾತ್ರಿಯಿಡೀ ನೆನೆಸುವ ಪದ್ಧತಿಯೂ ಇದೆ. ಆದರೆ ಕಾರ್ಬೆಂಡಾಜಿಮ್ ಶಿಲೀಂಧ್ರ ಕೊಲ್ಲುವ ಔಷಧಿ, ನಮ್ಮ ಅಣಬೆಯೂ ಶಿಲೀಂಧ್ರ. ಅಳತೆ ತಪ್ಪಿದರೆ ಬೆಳೆಯೇ ಹಿಂಜರಿಯುತ್ತದೆ, ಮೇಲಾಗಿ ಅಣಬೆ ತಿನ್ನುವ ಪದಾರ್ಥ. ಬೆಳೆದ ಚೀಲಕ್ಕೆ ಔಷಧಿ ಹೊಡೆಯುವುದನ್ನು ನಾನು ಒಪ್ಪುವುದಿಲ್ಲ. (ಅಡಿಕೆಯ ಕೊಳೆರೋಗದ ಫೈಟಾಫ್ತೊರಾ ಕೂಡ ಶಿಲೀಂಧ್ರ ಎಂದೇ ನಾವೆಲ್ಲ ಹೇಳುವುದು. ನಿಜವಾಗಿ ಅದು ಪಾಚಿಗಳ ದೂರದ ನಂಟ, ಅದರ ಗೋಡೆಯಲ್ಲಿ ಸೆಲ್ಯುಲೋಸ್ ಇರುತ್ತದೆ. ಕಾರ್ಬೆಂಡಾಜಿಮ್ ಅದಕ್ಕೆ ತಾಗುವುದಿಲ್ಲ.)

ಉಳಿದ ಬಣ್ಣಗಳು, ವಾಸನೆಗಳು

ಕಿತ್ತಳೆ ಅಥವಾ ಗುಲಾಬಿ ಪುಡಿ ಒಂದೆರಡು ದಿನದಲ್ಲೇ ತೂತಿನಿಂದ ಉಕ್ಕಿ ಬಂದರೆ ಅದು ನ್ಯೂರೋಸ್ಪೊರಾ. 1941ರಲ್ಲಿ ಬೀಡಲ್ ಮತ್ತು ಟೇಟಮ್ ಎಂಬ ವಿಜ್ಞಾನಿಗಳು ಜೀನ್‌ಗೂ ಕಿಣ್ವಕ್ಕೂ ಇರುವ ನಂಟನ್ನು ತೋರಿಸಿದ್ದು ಇದೇ ಬೂಷ್ಟಿನ ಮೇಲೆ. 1958ರಲ್ಲಿ ಅವರಿಗೆ ನೊಬೆಲ್ ಬಂತು. ಅಣಬೆ ಮನೆಗೆ ಮಾತ್ರ ಇದು ಮಾರಿ. ಇದರ ಒಂದು ಬಗೆಯ ಬೀಜಾಣು ಸುಮ್ಮನೆ ನೆನೆದರೆ ಮೊಳೆಯುವುದಿಲ್ಲ, 60 ಡಿಗ್ರಿಯಷ್ಟು ಶಾಖ ತಾಗಿದರೆ ಎಚ್ಚರವಾಗುತ್ತದೆ. ಕಾಡಿಗೆ ಬೆಂಕಿ ಬಿದ್ದ ಮೇಲೆ ಸುಟ್ಟ ಮರದ ಮೇಲೆ ಕಿತ್ತಳೆ ಕಾಣುವುದು ಹೀಗೆ. ಅರೆಬರೆ ಬೇಯಿಸಿದ ಹುಲ್ಲು ಅದನ್ನು ಕೊಲ್ಲದೆ ಎಬ್ಬಿಸಿದ ಹಾಗೆ. ಆ ಚೀಲವನ್ನು ಅಲ್ಲಾಡಿಸಬೇಡಿ. ಒದ್ದೆ ಬಟ್ಟೆ ಸುತ್ತಿ, ದೊಡ್ಡ ಚೀಲದೊಳಗೆ ಇಳಿಸಿ, ಕೋಣೆಯಿಂದ ದೂರ ಒಯ್ಯಿರಿ.

ಬೂದು ಬಣ್ಣದ ಉದ್ದ ಕೂದಲು, ತುದಿಯಲ್ಲಿ ಗುಂಡುಸೂಜಿಯಂಥ ಕಪ್ಪು ತಲೆ ಇದ್ದರೆ ಹಳಸಿದ ಬ್ರೆಡ್ಡಿನ ಮೇಲೆ ಬರುವ ರೈಜೋಪಸ್ ಬಳಗ. ಹುಲ್ಲು ಹಸಿಯಾಗಿ, ಸಿಹಿಯಾಗಿ ಉಳಿದಿದೆ. ತೆಳ್ಳಗಿನ ಕಾಲಿನ, ಬೆಳಿಗ್ಗೆ ಎದ್ದು ಸಂಜೆಗೆ ಕಪ್ಪು ಮಸಿಯಾಗಿ ಕರಗುವ ಪುಟ್ಟ ಕೊಡೆಗಳು ಬಂದರೆ ಸಾರಜನಕ ಹೆಚ್ಚಾಗಿದೆ: ತೌಡು ಜಾಸ್ತಿ ಬಿತ್ತೋ, ಹುಲ್ಲಿಗೆ ಸಗಣಿ ತಾಗಿತ್ತೋ ನೋಡಿ. ಕಪ್ಪು ಅಥವಾ ಹಳದಿ ಮಿಶ್ರಿತ ಹಸಿರು ಪುಡಿ ಆಸ್ಪರ್ಜಿಲಸ್ ಇರಬಹುದು. ಇದರ ಒಂದು ಜಾತಿ ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತ ಮೇಲೆ ಆ ವಿಷ ಬೆಳಕಿಗೆ ಬಂತು. ಹಾಗಾಗಿ ಬೂಷ್ಟು ಹಿಡಿದ ಹುಲ್ಲನ್ನು ದನಕ್ಕೆ ಹಾಕಲೇಬೇಡಿ.

ಬಣ್ಣವೇ ಇಲ್ಲದೆ ಚೀಲ ಜೋತುಬಿದ್ದು, ಹುಲ್ಲು ಕಂದಾಗಿ, ಹುಳಿ ಹೆಂಡದ ವಾಸನೆ ಬಂದರೆ ಯೀಸ್ಟ್ ಸೇರಿಕೊಂಡಿದೆ. ಗಾಳಿ ಇಲ್ಲದ ಒದ್ದೆಯಲ್ಲಿ ಅದು ಸಕ್ಕರೆಯನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಕೊಳೆತ ಮೊಟ್ಟೆಯ ವಾಸನೆ, ಲೋಳೆ ಇದ್ದರೆ ಬ್ಯಾಕ್ಟೀರಿಯಾ. ಎರಡಕ್ಕೂ ಕಾರಣ ನೀರು. ಹುಲ್ಲನ್ನು ಮುಷ್ಟಿಯಲ್ಲಿ ಬಲವಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಇಳಿಯಬಾರದು. ಅಂಗೈ ಒದ್ದೆಯೇ ಆಗದಿದ್ದರೂ ತಪ್ಪು, ಎಳೆ ಮುಂದೆ ಹೋಗುವುದಿಲ್ಲ. ಹತ್ತು ಕಿಲೋ ಒದ್ದೆ ಹುಲ್ಲಿಗೆ 200ರಿಂದ 300 ಗ್ರಾಂ ಬೀಜ ಹಾಕಿ. ಬೀಜದಲ್ಲಿ ಉಳಿತಾಯ ಮಾಡಿದವರು ಓಟದಲ್ಲಿ ಹಿಂದೆ ಬೀಳುತ್ತಾರೆ.

ಬಿಳಿಯಾಗಿದೆ, ಅಣಬೆ ಬರುತ್ತಿಲ್ಲ

ಇದು ರೋಗವಲ್ಲ. ಹೊಟ್ಟೆ ತುಂಬ ಊಟ ಇರುವಾಗ ಶಿಲೀಂಧ್ರ ಅಣಬೆ ಬಿಡುವ ಗೋಜಿಗೆ ಹೋಗುವುದಿಲ್ಲ. ಚೀಲ ಪೂರ್ತಿ ಬೆಳ್ಳಗಾಗಲು 15ರಿಂದ 20 ದಿನ ಕೊಡಿ, ಆಮೇಲೆ ತಂಪು, ಹೊಸ ಗಾಳಿ, ಬೆಳಕು, ತೇವ ಒಟ್ಟಿಗೆ ಕೊಡಿ. ಕಾಲು ಉದ್ದವಾಗಿ ತಲೆ ಚಿಕ್ಕದಾದರೆ ಗಾಳಿ ಸಾಲದು: ಅದು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಕೋಣೆಯಲ್ಲೇ ನಿಂತಿದೆ. ಅಂಚು ಒಣಗಿ ಸೀಳಿದರೆ ತೇವ ಕಡಿಮೆ. ತಲೆಯ ಮೇಲೆ ಹಳದಿ ಕಲೆ, ಜಿಗುಟು ಬಂದರೆ ನೀರನ್ನು ನೇರವಾಗಿ ಅಣಬೆಗೆ ಹೊಡೆಯುತ್ತಿದ್ದೀರಿ. ಗೋಡೆಗೆ, ನೆಲಕ್ಕೆ ಹೊಡೆಯಿರಿ. ಅಂಚು ಮೇಲಕ್ಕೆ ಮಡಚುವ ಮೊದಲೇ ಕೊಯ್ಯಿರಿ, ತಡವಾದರೆ ಬೀಜಾಣು ಕೋಣೆ ತುಂಬಿ ಕೆಮ್ಮು ಹಿಡಿಯುತ್ತದೆ. ಕೋಣೆಗೆ ಹೋಗುವಾಗ ಮಾಸ್ಕ್ ಹಾಕಿ. ಉಬ್ಬಸ ಇರುವವರು ಕೆಟ್ಟ ಚೀಲಗಳನ್ನು ಮುಟ್ಟಲೇಬಾರದು.

ಆ ಹುಡುಗಿಯ ಚೀಲಗಳು

ಮಾರನೇ ದಿನ ಅವಳ ಮನೆಗೆ ಹೋದೆ. ಒಂದೇ ಹಂಡೆಯ ಹುಲ್ಲು, ಒಂದೇ ಪೊಟ್ಟಣದ ಬೀಜ, ಕಟ್ಟಿದ್ದು ಒಂದೇ ದಿನ. ಹಾಗಾದರೆ ಹುಲ್ಲೂ ಬೀಜವೂ ತಪ್ಪಿತಸ್ಥರಲ್ಲ. ಕೆಟ್ಟ ಹನ್ನೊಂದು ಅಟ್ಟದ ಮೇಲೆ, ತಗಡಿನ ಮಾಡಿನ ಕೆಳಗೆ, ಒಂದಕ್ಕೊಂದು ಒತ್ತಿಕೊಂಡು ಇದ್ದವು. ಚೆನ್ನಾಗಿದ್ದ ಒಂಬತ್ತು ಕೆಳಗೆ, ಬಚ್ಚಲ ಗೋಡೆಯ ಪಕ್ಕ, ಹಗ್ಗದಲ್ಲಿ ದೂರ ದೂರ ತೂಗುತ್ತಿದ್ದವು. ಹಸಿರು ಮಚ್ಚೆ ಎಲ್ಲೆಂದರಲ್ಲಿ ಇರಲಿಲ್ಲ, ಚೀಲಕ್ಕೆ ಚೀಲ ತಾಗಿದ ಬದಿಯಲ್ಲೇ ಇತ್ತು.

“ಬೆಳಿಗ್ಗೆ ಮುಟ್ಟಿ ನೋಡಿದ್ದೆ ಅಕ್ಕ, ತಣ್ಣಗೇ ಇತ್ತು” ಅಂದಳು. ಫೆಬ್ರವರಿಯ ಬೆಳಗು ತಣ್ಣಗಿರುವುದು ಹೌದು. ಮಧ್ಯಾಹ್ನ ಮೂರಕ್ಕೆ ಒಂದು ಚೀಲದ ನಡುವೆ ಥರ್ಮಾಮೀಟರ್ ಚುಚ್ಚಿದೆವು: 38. ಎಳೆಗಳು ಹುಲ್ಲು ಅರಗಿಸುವಾಗ ಅವುಗಳದ್ದೇ ಬಿಸಿ ಹುಟ್ಟುತ್ತದೆ, ಮೇಲೆ ತಗಡಿನ ಕಾವು, ಪಕ್ಕದ ಚೀಲದ ಕಾವು. ಚಿಪ್ಪಣಬೆಗೆ 24ರಿಂದ 28 ಡಿಗ್ರಿ ಹಿತ. ಆ ಬಿಸಿಯಲ್ಲಿ ಅದು ಕುಗ್ಗಿದೆ, ಹುಲ್ಲಿನಲ್ಲಿ ಅಳಿದುಳಿದಿದ್ದ ಹಸಿರು ಮುಂದೆ ಹೋಗಿದೆ.

ಹನ್ನೊಂದರಲ್ಲಿ ಎರಡಕ್ಕೆ ಮಾತ್ರ ಮಚ್ಚೆ ನಾಣ್ಯದಷ್ಟಿತ್ತು. ಅವನ್ನು ಕೆಳಗಿಳಿಸಿ, ಬೇರೆ ಕೋಣೆಯಲ್ಲಿ, ಒಂದು ಗೇಣು ಅಂತರದಲ್ಲಿ ತೂಗುಹಾಕಿ, ಮಚ್ಚೆಯ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ದಿನಾಂಕ ಬರೆದೆವು. ಕೆಟ್ಟವುಗಳಲ್ಲಿ ಉಳಿದ ಒಂಬತ್ತನ್ನು ಬಿಚ್ಚದೆ ಹೊತ್ತೊಯ್ದು, ಕೋಣೆಯಿಂದ ದೂರ, ಗಾಳಿ ಬೀಸುವ ದಿಕ್ಕು ನೋಡಿ ಗುಂಡಿ ತೋಡಿ ಮುಚ್ಚಿದೆವು. ಐದು ದಿನದ ಮೇಲೆ ಅವಳೇ ಫೋಟೋ ಕಳಿಸಿದಳು. ಒಂದರಲ್ಲಿ ಹಸಿರು ಗೆರೆ ದಾಟಿತ್ತು. ಇನ್ನೊಂದರಲ್ಲಿ ಗೆರೆಯ ಒಳಗೇ ನಿಂತು, ಅದರ ಅಂಚಿನ ಮೇಲೆ ಬಿಳಿ ಎಳೆ ಹತ್ತುತ್ತಿತ್ತು.